ಫಕೀರವ್ವನ ಪರವಾನಗಿ

ಮರಾಠಿ ಸೀಮೆಯ ಇಚಲಕರಂಜಿಗೆ ಹತ್ತಿದ ಕಬನೂರಿನಲ್ಲಿ ಸಾತಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಕೆಲವರಿಗೆ ತಟ್ಟನೆ ತಿಳಿಯುವುದಿಲ್ಲ. ‘ಪರವಾನಾ ಸಾತಪ್ಪ’ ಎಂದರೆ ತಿಳಿಯುತ್ತದೆ, ಹೇಳುವವರು ತುಸು ನಗುತ್ತಾರೆ ಕೂಡ. ಆ ಹೆಸರು ಹೇಗೆ ಬಂತೆಂದು ನನಗೆ ಹೇಳಿದವನು ಅವನೇ. ನಮ್ಮ ಕನ್ನಡ ಶಾಲೆಯ ಹೊಸ ಫಲಕ ಮಾಡಿಸಲು ನಾನು ಮೂರು ಸಲ ಅವನ ಅಂಗಡಿಗೆ ಹೋಗಬೇಕಾಯಿತು. ಆ ಮೂರು ಸಲದಲ್ಲಿ, ಕಂಪ್ಯೂಟರಿನ ಪರದೆಯಿಂದ ಮುಖ ಎತ್ತದೆ, ಅಕ್ಷರಗಳನ್ನು ಹಿಂದೆ ಮುಂದೆ ಸರಿಸುತ್ತ ಅವನು ಎಲ್ಲವನ್ನೂ ಹೇಳಿದ. ನಾನು ಕೇಳಿರಲಿಲ್ಲ. ಯಾರಿಗಾದರೂ ಹೇಳಬೇಕೆಂದು ಅವನೇ ಕಾದಿದ್ದನೆಂದು ಕಾಣುತ್ತದೆ.

ಸಾತಪ್ಪನ ತಂದೆ ರಬಕವಿಯ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಬಂದವನು. ಸಾತಪ್ಪನನ್ನೂ ಹದಿನಾರನೆಯ ವಯಸ್ಸಿಗೆ ಮಗ್ಗದ ಮುಂದೆ ನಿಲ್ಲಿಸಿದ. ಅವನಿಗೆ ಅದು ಒಗ್ಗಲಿಲ್ಲ. ಎಳೆ ಹರಿದರೆ ಗಮನಕ್ಕೆ ಬರುತ್ತಿರಲಿಲ್ಲ, ಬಟ್ಟೆ ಕೆಟ್ಟು ಹೋಗುತ್ತಿತ್ತು. ಆದರೆ ನೇಯ್ದ ಬಟ್ಟೆಯ ಗಂಟುಗಳ ಮೇಲೆ ನಂಬರು ಬರೆಯುವ ಕೆಲಸ ಕೊಟ್ಟರೆ ಅಚ್ಚು ಹಾಕಿದ ಹಾಗೆ ಬರೆಯುತ್ತಿದ್ದ. ಇದನ್ನು ನೋಡಿದವನು ಅವರ ಓಣಿಯವನೇ ಆದ, ಆ ಕಾರಖಾನೆಯ ಜಾಬರ್ ಮುರಿಗೆಪ್ಪ. ಕೆಟ್ಟ ಮಗ್ಗವನ್ನು ಸರಿಮಾಡುವವನಿಗೆ ಇಲ್ಲಿ ಜಾಬರ್ ಎನ್ನುತ್ತಾರೆ, ಮಾಲಕ ಕೂಡ ಅವನ ಮಾತು ಕೇಳುತ್ತಾನೆ. ಹುಡುಗನ ಕೈ ನೂಲಿನದಲ್ಲ, ಬಣ್ಣದ್ದು ಎಂದು ಮುರಿಗೆಪ್ಪ ಸಾತಪ್ಪನ ತಂದೆಗೆ ಹೇಳಿ ಒಪ್ಪಿಸಿದ. ಕಾರಖಾನೆಯ ಹೆಸರನ್ನು ಗೇಟಿನ ಮೇಲೆ ಬರೆಯುವ ಕೆಲಸವನ್ನು ಮಾಲಕನನ್ನು ಕೇಳಿ ಕೊಡಿಸಿದ. ಅದು ಸಾತಪ್ಪ ಬರೆದ ಮೊದಲ ಬೋರ್ಡು. ಏಣಿಯನ್ನು ಕೆಳಗೆ ಹಿಡಿದು ನಿಂತವನು ಮುರಿಗೆಪ್ಪನೇ.

ಮುಂದೆ ಕುಂಚದ ಕಾಲ ಹೋಗಿ ಫ್ಲೆಕ್ಸ್ ಬಂತು. ಸಾತಪ್ಪ ಕಂಪ್ಯೂಟರ್ ಕಲಿತ, ಒಂದು ಶಟರಿನ ಅಂಗಡಿ ಮಾಡಿದ. ವಾಢದಿವಸ, ಅಂದರೆ ಹುಟ್ಟುಹಬ್ಬ, ಶ್ರದ್ಧಾಂಜಲಿ, ಅಂಗಡಿ ಉದ್ಘಾಟನೆ, ಗಣಪತಿ ಮಂಡಳಿ, ಎಲ್ಲರ ಮುಖಗಳೂ ಅವನ ಪರದೆಯ ಮೇಲೆ ಬಂದು ಹೋಗುತ್ತಿದ್ದವು. ಇಚಲಕರಂಜಿಗೆ ಮಹಾಪಾಲಿಕೆ ಬಂದ ಮೇಲೆ ಫಲಕಗಳ ನಿಯಮ ಬಿಗಿಯಾಯಿತು. ಎಲ್ಲಿ ಕಟ್ಟುತ್ತೀರಿ, ಎಷ್ಟು ಉದ್ದ ಎಷ್ಟು ಅಗಲ, ಎಷ್ಟು ದಿನ ಎಂದು ಅರ್ಜಿ ಬರೆದು ಕೊಡಬೇಕು. ರಸ್ತೆಗೆ ಅಡ್ಡಿಯಿಲ್ಲವೆಂದು ಟ್ರಾಫಿಕ್ ಪೊಲೀಸರ ಪತ್ರ ಬೇಕು. ಪರವಾನಗಿ ಸಿಕ್ಕರೆ ಅದರ ನಂಬರು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು, ಛಾಪಿಸಿದವರ ಹೆಸರು, ಮೂರನ್ನೂ ಫಲಕದ ಕೆಳ ಅಂಚಿನಲ್ಲಿ ಹಾಕಬೇಕು. ಮೊದಮೊದಲು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಪಾಲಿಕೆಯ ಗಾಡಿ ಬಂದು ನಂಬರಿಲ್ಲದ್ದನ್ನೆಲ್ಲ ಹರಿದುಕೊಂಡು ಹೋಗತೊಡಗಿತು. ಹೀಗಾಗಿ ಸಾತಪ್ಪ ಡಿಸೈನ್ ಮಾಡಿ ಕಳಿಸಿದ್ದನ್ನು ನಂಬರಿಲ್ಲದೆ ಛಾಪಿಸಲು ಮಷೀನಿನವರು ಹೆದರಿದರು.

ಮುರಿಗೆಪ್ಪ ತೀರಿಕೊಂಡು ವರ್ಷ ತುಂಬುವುದಕ್ಕೆ ಹದಿನೈದು ದಿನ ಇರುವಾಗ ಅವನ ಹೆಂಡತಿ ಫಕೀರವ್ವ, ಸಾತಪ್ಪ ಚಿಕ್ಕಮ್ಮನಂತೆ ಕಾಕೂ ಎನ್ನುವವಳು, ಅವನ ಅಂಗಡಿಗೆ ಬಂದಳು. ಅವಳು ಈಗಲೂ ಒಂದು ಕಾರಖಾನೆಯಲ್ಲಿ ಕಾಂಡಿ ಸುತ್ತುತ್ತಾಳೆ, ಎಂದರೆ ಮಗ್ಗದ ಲಾಳಿಗೆ ಹಾಕುವ ನೂಲಿನ ಉರುಳೆ ತುಂಬುತ್ತಾಳೆ. ಗಂಡನ ಫೋಟೋ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಓಣಿಯ ಮೂಲೆಯಲ್ಲಿ ಸಣ್ಣದೊಂದು ಫ್ಲೆಕ್ಸ್ ಹಾಕಬೇಕು, ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ, ಎಂದಳು. ಸಣ್ಣದಕ್ಕೆ ಯಾರೂ ಕೇಳುವುದಿಲ್ಲ, ಪರವಾನಗಿಯ ಓಡಾಟ ಯಾಕೆ ಎಂದು ಸಾತಪ್ಪ ಹೇಳಿನೋಡಿದ.

“ಬ್ಯಾಡ ತಮ್ಮಾ,” ಎಂದಳು ಫಕೀರವ್ವ. “ಅವ್ರ ಮಾರಿ ಇದ್ದದ್ದನ್ನ ಯಾರರ ಬಂದು ಹರಿದು ಗಾಡ್ಯಾಗ ಒಗದ್ರ ನನಗ ತಡಕೊಳ್ಳಾಕ ಆಗೂದಿಲ್ಲ. ಪರವಾನಗಿ ತಗೊಂಡ ಹಚ್ಚೂಣು.”

ಸಾತಪ್ಪ ಅರ್ಜಿ ಬರೆದು ಕೊಟ್ಟ, ಅವಳನ್ನು ಕರೆದುಕೊಂಡು ಪಾಲಿಕೆಯ ಕಚೇರಿಗೆ ಹೋದ. ಅವಳು ಒಂದು ದಿನದ ಕೆಲಸ ಬಿಟ್ಟು ಬೆಂಚಿನ ಮೇಲೆ ಕೂತಳು. ಪರವಾನಗಿ ವಿಭಾಗದ ರುಪಾಲಿ ಮ್ಯಾಡಂ ಎಲ್ಲ ಕಾಗದ ನೋಡಿ, ಸಹಿ ಎಲ್ಲಿ ಎಂದು ತೋರಿಸಿದರು. ಫಕೀರವ್ವ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ನಾಲ್ಕು ದಿನದಲ್ಲಿ ಪರವಾನಗಿ ಬಂತು. ಏಳು ದಿನದ ಮುದತು. ಫ್ಲೆಕ್ಸಿನ ಕೆಳಗೆ ನಂಬರು ಹಾಕಿದಾಗ ಅವಳು ಅದರ ಮೇಲೆ ಬೆರಳಿಟ್ಟು, ಇದೇ ಏನು ಎಂದು ಕೇಳಿ ಖಾತ್ರಿ ಮಾಡಿಕೊಂಡಳಂತೆ.

ಇದಾಗಿ ಮೂರು ವಾರಕ್ಕೆ ಯುವರಾಜ ದಾದಾನ ವಾಢದಿವಸ ಬಂತು. ಯುವರಾಜನೆಂದರೆ ಆ ಭಾಗದಲ್ಲಿ ಮುಂದಿನ ಚುನಾವಣೆಗೆ ನಿಲ್ಲಬೇಕೆಂದು ತಯಾರಿ ನಡೆಸಿದ್ದ ತರುಣ. ಅವನ ಕಡೆಯ ಇಬ್ಬರು ಹಿಂದಿನ ದಿನ ಮಧ್ಯಾಹ್ನ ಸಾತಪ್ಪನಲ್ಲಿಗೆ ಬಂದರು. ದೊಡ್ಡ ಅಳತೆಯ ಎಂಟು ಫ್ಲೆಕ್ಸ್ ಬೇಕು, ನಾಳೆ ಬೆಳಿಗ್ಗೆ ಕಟ್ಟಬೇಕು. ಪರವಾನಗಿ ಇದೆಯೇ ಎಂದು ಸಾತಪ್ಪ ಕೇಳಿದ. ಅರ್ಜಿ ಕೊಡುವುದಕ್ಕೆ ಹೊತ್ತು ಸಿಗಲಿಲ್ಲ, ನಂಬರಿನಂಥದ್ದು ಏನಾದರೂ ಹಾಕು, ಅಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ ಎಂದರು. ಹೋಗುವಾಗ ಒಬ್ಬ, ದಾದಾ ನಿನ್ನ ಕೈಯ ಕೆಲಸವೇ ಬೇಕು ಅಂದಿದ್ದಾನೆ ಎಂದ.

“ನನಗ ಯಾರೂ ಜುಲುಮಿ ಮಾಡಿದ್ದಿಲ್ರೀ ಮಾಸ್ತರ,” ಎಂದು ಸಾತಪ್ಪ ನನಗೆ ಹೇಳಿದ. “ಆ ಒಂದ ಮಾತಿಗೆ ಉಬ್ಬಿದೆ. ಅಷ್ಟ.”

ಡಿಸೈನ್ ಮುಗಿದಾಗ ಕೆಳ ಅಂಚು ಖಾಲಿ ಇತ್ತು. ಮನಸ್ಸಿಗೆ ಬಂದ ಅಂಕಿ ಹಾಕಬಹುದಾಗಿತ್ತು. ಆದರೆ ಪಾಲಿಕೆಯ ನಂಬರಿಗೆ ಒಂದು ರೀತಿ ಇದೆ, ತಪ್ಪಿದರೆ ಮಷೀನಿನವರೇ ಹಿಡಿಯುತ್ತಾರೆ. ಸಾತಪ್ಪ ಮುರಿಗೆಪ್ಪನ ಫೈಲು ತೆರೆದ. ಅದರಲ್ಲಿದ್ದ ನಂಬರಿನ ಸಾಲನ್ನು ಎತ್ತಿಕೊಂಡು ಬಂದು ಯುವರಾಜನ ಕಾಲಬುಡದಲ್ಲಿ ಕೂಡಿಸಿದ, ದಿನಾಂಕ ಬದಲಿಸಿದ. ತನ್ನ ಅಂಗಡಿಯ ಹೆಸರನ್ನು ಮಾತ್ರ ಹಾಕಲಿಲ್ಲ. ಫೈಲು ತೆರೆದಾಗ ಮುರಿಗೆಪ್ಪನ ಮುಖ ಪರದೆ ತುಂಬ ಬಂದಿತ್ತಂತೆ. ಅವನು ಅದನ್ನು ನೋಡದೆ ಕೆಳಕ್ಕೆ ಸರಿಸಿದನಂತೆ.

ಎಂಟು ಫ್ಲೆಕ್ಸುಗಳೂ ದೊಡ್ಡ ರಸ್ತೆಯಲ್ಲಿ ಎದ್ದವು. ಒಂದನ್ನು ತಿರುವಿನ ವಿದ್ಯುತ್ ಕಂಬಕ್ಕೇ ಕಟ್ಟಿದ್ದರು. ಆಚೆಯಿಂದ ಬರುವ ಗಾಡಿ ಕಾಣುವುದಿಲ್ಲವೆಂದು ಯಾರೋ ದೂರು ಕೊಟ್ಟರು. ಪಾಲಿಕೆಯವರು ಬಂದು ಎಲ್ಲವನ್ನೂ ಇಳಿಸಿದರು, ಫೋಟೋ ತೆಗೆದುಕೊಂಡರು, ನಂಬರು ಬರೆದುಕೊಂಡರು. ಆ ನಂಬರು ಯಾರ ಹೆಸರಿನಲ್ಲಿತ್ತೋ ಅವರಿಗೆ ನೋಟೀಸು ಹೋಯಿತು.

ಫಕೀರವ್ವ ಬಂದದ್ದು ಒಂದು ಗುರುವಾರ, ಕೆಲಸಕ್ಕೆ ಹೋಗುವ ಮೊದಲು. ಅಂಗಡಿಯಲ್ಲಿ ಬೇರೊಬ್ಬ ಗಿರಾಕಿ ಇದ್ದ. ಅವನು ಹೋಗುವವರೆಗೆ ಹೊರಗೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಮಡಚಿದ ಕಾಗದವನ್ನು ಮೇಜಿನ ಮೇಲೆ ಇಟ್ಟು, ಮೆಲ್ಲಗೆ ಮಾತಾಡಿದಳು. ಮೊಮ್ಮಗಳು ಸಪನಾ ಓದಿ ಹೇಳಿದ್ದಳಂತೆ: ಪರವಾನಗಿಯ ಷರತ್ತು ಮುರಿದಿದ್ದೀರಿ, ಗುನ್ಹೆ ಯಾಕೆ ದಾಖಲು ಮಾಡಬಾರದು, ಬಂದು ವಿವರಣೆ ಕೊಡಿ.

“ತಪ್ಪು ನಂದ ಐತಿ, ತಮ್ಮಾ,” ಎಂದಳು. “ಏಳ ದಿನಾ ಅಂತ ನೀ ಹೇಳಿದ್ದಿ. ಏಳನೇ ದಿನ ಸಂಜಿಕ ಇಳಸಾಕ ಹೋದೆ. ಅವ್ರು ನನ್ನ ಕಡೇನ ನೋಡಿದಂಗಾತು. ಇನ್ನೊಂದ ದಿನಾ ಇರ್ಲಿ ಅಂತ ಬಿಟ್ಟ ಬಂದೆ. ಎಂಟನೇ ದಿನ ತಗದೆ. ಯಾರೋ ನೋಡಿ ಹೇಳಿರಬೇಕು.”

ಸಾತಪ್ಪ ನೋಟೀಸು ಓದಿದ. ಅದರಲ್ಲಿ ಎಂಟನೆಯ ದಿನದ ಮಾತೇ ಇರಲಿಲ್ಲ. ದೊಡ್ಡ ರಸ್ತೆ, ಬೇರೆ ಅಳತೆ, ಬೇರೆ ವಿಷಯ ಎಂದು ಸ್ಪಷ್ಟವಾಗಿ ಇತ್ತು. ಚಿಕ್ಕ ಹುಡುಗಿ ಸಪನಾಗೆ ಕಚೇರಿಯ ಆ ಮರಾಠಿ ತಿಳಿದಿರಲಿಲ್ಲ. ಅವನಿಗೆ ತಿಳಿಯಿತು. ಅವನು ಕಾಗದವನ್ನು ಮೊದಲಿನಂತೆ ಮಡಚಿದ. ಫಕೀರವ್ವ ಅವನ ಮುಖವನ್ನೇ ನೋಡುತ್ತಿದ್ದಳು.

“ಅದಕ್ಕ ಇರಬೇಕು, ಕಾಕೂ,” ಎಂದ.

ಈ ಮಾತು ಹೇಳುವಾಗ ಸಾತಪ್ಪ ನನ್ನ ಮುಂದೆ ಕೆಲಸ ನಿಲ್ಲಿಸಿದ. ನಂಬರು ಕದ್ದದ್ದು ಒಂದು, ಅದು ಅವಸರದಲ್ಲಿ ಆಯಿತು. ಇದು ಹಾಗಲ್ಲ. ಒಬ್ಬ ಮುದುಕಿ ಗಂಡನ ಮುಖವನ್ನು ಒಂದು ದಿನ ಹೆಚ್ಚು ನೋಡಿದ್ದಕ್ಕೆ ತಾನು ಅಪರಾಧಿ ಎಂದುಕೊಂಡು ಬಂದಿದ್ದಳು. ಅವನು ಅದನ್ನು ಹೌದೆಂದ. ಯಾರಿಗೂ ಹೇಳಬೇಡ, ಓಣಿಯಲ್ಲಿ ತಲೆ ಎತ್ತಲಾರೆ ಎಂದು ಅವಳು ಕೇಳಿಕೊಂಡಳು. ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅವನು ಮಾತು ಕೊಟ್ಟ.

ಮರುದಿನ ಇಬ್ಬರೂ ಪಾಲಿಕೆಗೆ ಹೋದರು. ಫಕೀರವ್ವನ ಕೈಯಲ್ಲಿ ದೊಡ್ಡದೊಂದು ಪಿಶವಿ, ಬಟ್ಟೆಯ ಚೀಲ, ಇತ್ತು. ರುಪಾಲಿ ಮ್ಯಾಡಂ ಎದುರು ಕೂತ ಕೂಡಲೇ ಅವಳು ಪಿಶವಿಯಿಂದ ನಾಲ್ಕು ಮಡಿಕೆಯಾಗಿ ಮಡಚಿದ ಫ್ಲೆಕ್ಸ್ ತೆಗೆದು ಮೇಜಿನ ಮೇಲೆ ಇಟ್ಟಳು. ಮುರಿಗೆಪ್ಪನ ಹಣೆಯ ವಿಭೂತಿ ಮತ್ತು ಒಂದು ಕಣ್ಣು ಮಡಿಕೆಯ ಮೇಲೆ ಕಾಣುತ್ತಿದ್ದವು. ಒಂದು ದಿನ ತಡವಾಗಿ ಇಳಿಸಿ ಮನೆಯಲ್ಲಿ ಟ್ರಂಕಿನೊಳಗೆ ಇಟ್ಟಿದ್ದೆ, ಇನ್ನು ಇಟ್ಟುಕೊಳ್ಳುವುದಿಲ್ಲ, ನೀವೇ ಜಮಾ ಮಾಡಿಕೊಳ್ಳಿ, ಕೇಸ್ ಮಾತ್ರ ಬೇಡ ಎಂದು ತನಗೆ ಬಂದ ಮರಾಠಿಯಲ್ಲಿ ಹೇಳಿದಳು.

ರುಪಾಲಿ ಮ್ಯಾಡಂಗೆ ಏನೂ ಅರ್ಥವಾಗಲಿಲ್ಲ. ಅವರು ಫೈಲು ತೆಗೆದು, ಯುವರಾಜನ ಫ್ಲೆಕ್ಸಿನ ಫೋಟೋ ಅವಳ ಮುಂದೆ ಇಟ್ಟರು. ಕೆಳಗಿನ ನಂಬರನ್ನು ಪೆನ್ನಿನಿಂದ ತೋರಿಸಿ, “ಹಾ ಫ್ಲೆಕ್ಸ್ ಕೋಣೀ ಛಾಪಲಾ?” ಎಂದು ಕೇಳಿದರು. ಯಾರು ಛಾಪಿಸಿದರು ಎಂಬುದೇ ಅವರಿಗೆ ಬೇಕಿತ್ತು.

ಫಕೀರವ್ವ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬಣ್ಣದ ಅಂಗಿ, ಕಪ್ಪು ಕನ್ನಡಕ, ಸುತ್ತ ಇಪ್ಪತ್ತು ಮಂದಿಯ ಸಣ್ಣ ಮುಖಗಳು. ಇವರು ನಮ್ಮವರಲ್ಲ ಎಂದಳು. ಆಮೇಲೆ ಸಾತಪ್ಪನ ಕಡೆ ತಿರುಗಿದಳು.

“ನಿನಗರ ಗೊತ್ತೈತೇನು ತಮ್ಮಾ? ನೀ ಈ ಉದ್ಯೋಗದಾಗ ಇದ್ದಾಂವ. ಯಾರ ಕೆಲಸ ಇದು?”

“ಗೊತ್ತಿಲ್ಲ ಕಾಕೂ.”

ಅವಳು ಅದನ್ನೇ ಮ್ಯಾಡಂಗೆ ಹೇಳಿದಳು. ಈ ಹುಡುಗ ನಮ್ಮ ಮನೆಯವನಿದ್ದ ಹಾಗೆ, ಪರವಾನಗಿ ಮಾಡಿಸಿಕೊಟ್ಟವನೂ ಇವನೇ, ಇವನಿಗೇ ಗೊತ್ತಿಲ್ಲವೆಂದ ಮೇಲೆ ನನಗೆ ಹೇಗೆ ಗೊತ್ತಾಗಬೇಕು ಎಂದಳು. ಐವತ್ತರ ಹತ್ತಿರ ಬಂದ ಸಾತಪ್ಪ ಅವಳಿಗೆ ಇನ್ನೂ ಹುಡುಗ. ರುಪಾಲಿ ಮ್ಯಾಡಂ ಅವನನ್ನು ಒಮ್ಮೆ ನೋಡಿದರು. ಎಂಟು ದಿನದೊಳಗೆ ಲಿಖಿತ ಉತ್ತರ ಕೊಡಿ ಎಂದರು. ಮುರಿಗೆಪ್ಪನ ಫ್ಲೆಕ್ಸನ್ನು ತಾವೇ ಎತ್ತಿ ಪಿಶವಿಯಲ್ಲಿ ಇಟ್ಟುಕೊಟ್ಟರು, ಇದರದೇನೂ ತಪ್ಪಿಲ್ಲ, ಒಂದು ದಿನ ಹೆಚ್ಚಾದರೆ ಯಾರೂ ನೋಟೀಸು ಕೊಡುವುದಿಲ್ಲ ಎಂದರು.

ಸಾತಪ್ಪ ಮನೆಗೆ ಹೋದ, ಅಂಗಡಿ ತೆರೆಯಲಿಲ್ಲ. ಗಡಹಿಂಗ್ಲಜದಲ್ಲಿ ಒಂದು ಬೋರ್ಡಿನ ಕೆಲಸ ಇದೆ ಎಂದು ಹೆಂಡತಿ ಚೆನ್ನವ್ವನಿಗೆ ಹೇಳಿ ಅಕ್ಕ ಮಾಣಿಕಬಾಯಿಯ ಮನೆಗೆ ಹೊರಟ. ಅಕ್ಕನ ಗಂಡ ಅಲ್ಲಿ ಮೆಣಸಿನಕಾಯಿ ವ್ಯಾಪಾರಿ. ಎರಡು ದಿನ ಅವನು ಪೇಟೆಯಲ್ಲಿ ಸುಮ್ಮನೆ ತಿರುಗಿದ. ಎಲ್ಲಿ ನೋಡಿದರೂ ಫ್ಲೆಕ್ಸುಗಳೇ. ಮುಖ ನೋಡುವುದು ಬಿಟ್ಟು ಅವನ ಕಣ್ಣು ಪ್ರತಿಯೊಂದರ ಕೆಳ ಅಂಚಿಗೆ ಇಳಿಯುತ್ತಿತ್ತು. ನಂಬರಿದ್ದರೆ ಇದು ಯಾರದೋ ಎಂದು, ಇಲ್ಲದಿದ್ದರೆ ಇವರು ನನಗಿಂತ ವಾಸಿ ಎಂದು ಅನ್ನಿಸುತ್ತಿತ್ತು. ಬೇರೊಬ್ಬರದನ್ನಂತೂ ಇವರು ಮುಟ್ಟಿಲ್ಲವಲ್ಲ.

ಮೂರನೆಯ ದಿನ, ಸೋಮವಾರ ಬೆಳಿಗ್ಗೆ, ಅಕ್ಕ ಭಾಕರಿ ಬಡಿಯುತ್ತ, ಫಕೀರವ್ವ ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದ. ಮುರಿಗೆಪ್ಪ ಕಾಕಾ ಹೋದ ಮೇಲೆ ಆ ಮೊಮ್ಮಗಳನ್ನು ಬಿಟ್ಟರೆ ಅವಳಿಗೆ ಯಾರಿದ್ದಾರೆ ಎಂದು ತಾನೇ ಮರುಗಿ, “ಇರ್ಲಿ, ನೀ ಅದೀಯಲ್ಲ ಆಕೀ ಸನೇಕ,” ಎಂದಳು.

ಸಾತಪ್ಪ ತಟ್ಟೆ ಸರಿಸಿ ಎದ್ದ. ಹೊಟ್ಟೆ ಸರಿಯಿಲ್ಲ ಎಂದು ಅಕ್ಕನಿಗೂ ಒಂದು ಸುಳ್ಳು ಹೇಳಿ ಬಸ್ಸು ಹಿಡಿದ. ಕಾಗಲದಲ್ಲಿ ಇಳಿದು ಇಚಲಕರಂಜಿಯ ಬಸ್ಸಿಗೆ ಕಾಯುತ್ತ ನಿಂತಾಗ, ಹೆದ್ದಾರಿಯ ಮೇಲಿನ ದೊಡ್ಡ ಕಬ್ಬಿಣದ ಹೋರ್ಡಿಂಗಿನ ನೆರಳಿನಲ್ಲಿ ನಿಲ್ಲಲೂ ಮನಸ್ಸಾಗದೆ ಬಿಸಿಲಿಗೆ ಸರಿದು ನಿಂತನಂತೆ.

ಫಕೀರವ್ವ ಕೆಲಸ ಮಾಡುವ ಕಾರಖಾನೆಗೆ ಅವನು ನೇರವಾಗಿ ಹೋದ. ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ನಡೆಯುವ ಶೆಡ್ಡು, ಒಳಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಕಾಂಡಿಯ ಮಷೀನು ಮೂಲೆಯಲ್ಲಿತ್ತು, ಅವಳ ಜೊತೆ ಇನ್ನೂ ಇಬ್ಬರು ಹೆಂಗಸರಿದ್ದರು. ಹೊರಗೆ ಬಾ ಎಂದು ಅವನು ಕೈಮಾಡಿದ. ಪಗಾರ ಕಡಿಮೆಯಾಗುತ್ತದೆ, ಇಲ್ಲೇ ಹೇಳು ಎಂದು ಅವಳು ಸನ್ನೆ ಮಾಡಿದಳು. ಕೂಗಿ ಹೇಳುವ ಮಾತಲ್ಲ ಅದು. ಅವನು ಎಂದಿನ ದನಿಯಲ್ಲೇ ಹೇಳಿದ. ಅವನಿಗೇ ಅವನ ದನಿ ಕೇಳಿಸಲಿಲ್ಲ. ಆದರೆ ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಳೆದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಫಕೀರವ್ವ ಅವನ ತುಟಿಗಳನ್ನು ನೋಡುತ್ತಿದ್ದಳು. ಆ ಇಬ್ಬರು ಹೆಂಗಸರೂ ನೋಡುತ್ತಿದ್ದರು. ನಂಬರು ತೆಗೆದದ್ದು ನಾನು, ಅಂಗಡಿಗೆ ನೀನು ಬಂದ ದಿನವೂ ನನಗೆ ಗೊತ್ತಿತ್ತು, ಕಚೇರಿಯಲ್ಲೂ ಗೊತ್ತಿತ್ತು ಎಂದು ಅವನು ಮೂರನ್ನೂ ಹೇಳಿದ.

ಅವಳು ತುಂಬಿದ ಕಾಂಡಿ ತೆಗೆದು ಬುಟ್ಟಿಗೆ ಹಾಕಿದಳು, ಖಾಲಿ ಏರಿಸಿದಳು, ಎಳೆ ಹಚ್ಚಿದಳು. ಆಮೇಲೆ ಮಷೀನು ನಿಲ್ಲಿಸಿ ಅವನನ್ನು ಹೊರಗೆ ಕರೆತಂದಳು.

“ಅದೊಂದ ದಿನಾ ಹೆಚ್ಚಿಗಿ ಬಿಟ್ಟೆ ಅಂತ ನಾ ಎಷ್ಟ ಬಡಕೊಂಡೀನಿ ಗೊತ್ತೈತೇನು ನಿನಗ?” ಎಂದಳು. “ನಂಬರ ತಗೊಂಡಿ, ತಗೊಂಡಿ. ಆ ಮ್ಯಾಡಂ ಮುಂದ ನಾ ನಿನ್ನ ಕೇಳಿದ್ನಲ್ಲ. ಆವಾಗ್ಯಾಕ ಹೇಳಲಿಲ್ಲ?”

ಅಂಜಿದೆ ಎಂದರೆ ಸುಳ್ಳಾಗುತ್ತದೆ ಎಂದು ಸಾತಪ್ಪ ನನಗೆ ಹೇಳಿದ. ಕೇಸಿನ ಅಂಜಿಕೆ ಅಷ್ಟಿರಲಿಲ್ಲ, ಅವಳು ‘ನಮ್ಮ ಮನೆಯವನಿದ್ದ ಹಾಗೆ’ ಎನ್ನುವುದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಅವಳನ್ನೇ ಮುಂದೆ ದಬ್ಬಿದ.

“ನನ್ನ ಮುಂದ ಹೇಳಿ ಏನಾತು,” ಎಂದಳು ಫಕೀರವ್ವ. “ಅಲ್ಲಿ ಹೋಗಿ ಹೇಳು.” ಹಾಗೆಂದು ಒಳಗೆ ಹೋಗಿಬಿಟ್ಟಳು.

ಸಾತಪ್ಪ ಆವತ್ತೇ ಹೋಗಿ ಬರೆದುಕೊಟ್ಟ. ಪರವಾನಗಿ ಇಲ್ಲವೆಂದು ಗೊತ್ತಿದ್ದೂ ಛಾಪಿಸಿದ್ದು, ಬೇರೆಯವರ ನಂಬರು ಹಾಕಿದ್ದು, ತನ್ನ ಹೆಸರು ಬಿಟ್ಟದ್ದು, ಮೊದಲ ಸಲ ಕೇಳಿದಾಗ ಗೊತ್ತಿಲ್ಲವೆಂದದ್ದು. ಕೊನೆಯದನ್ನು ಬರೆಯಬೇಕೆಂದು ಯಾರೂ ಕೇಳಿರಲಿಲ್ಲ. ರುಪಾಲಿ ಮ್ಯಾಡಂ ಓದಿ, ನಂಬರು ನೋಡಿದ ದಿನವೇ ನನಗೆ ಸಂಶಯ ಇತ್ತು, ನೀವಾಗಿ ಬರುತ್ತೀರೋ ಇಲ್ಲವೋ ನೋಡೋಣವೆಂದಿದ್ದೆ ಎಂದರು. ಫಕೀರವ್ವನ ನೋಟೀಸು ರದ್ದಾಯಿತು. ಸಾತಪ್ಪನ ಮೇಲೂ ಯುವರಾಜನ ಕಡೆಯ ಇಬ್ಬರ ಮೇಲೂ ಕೇಸಾಯಿತು. ಪೊಲೀಸರು ಕಂಪ್ಯೂಟರ್ ಒಯ್ದರು. ಯುವರಾಜ ಅವನನ್ನು ಭೇಟಿಯಾಗಲಿಲ್ಲ. ನಾವು ಫ್ಲೆಕ್ಸ್ ಕೇಳಿದ್ದೆವು, ವಿಧವೆಯ ನಂಬರು ಕದಿಯೆಂದು ಕೇಳಿರಲಿಲ್ಲ ಎಂದು ಹೇಳಿ ಕಳಿಸಿದ. ಸಾತಪ್ಪನಿಗೆ ಸಿಟ್ಟು ಬರಲಿಲ್ಲ, ಏಕೆಂದರೆ ಆ ಮಾತು ನಿಜವಾಗಿತ್ತು.

ಕಾಂಡಿ ಸುತ್ತುವ ಇಬ್ಬರು ಹೆಂಗಸರಿಂದ ಸುದ್ದಿ ಎರಡೇ ದಿನಕ್ಕೆ ಓಣಿ ತುಂಬಿತು. ಚೆನ್ನವ್ವ ನಳದ ಹತ್ತಿರ ಅದನ್ನು ಕೇಳಿದಳು. ಗಡಹಿಂಗ್ಲಜದ ಬೋರ್ಡೂ ಸುಳ್ಳೆಂದು ಅವಳಿಗೆ ತಿಳಿಯಿತು. ಅವಳು ಜಗಳ ಮಾಡಲಿಲ್ಲ. ಫಕೀರವ್ವನ ಮನೆಗೆ ತಾನೊಬ್ಬಳೇ ಹೋಗಿ ಅರ್ಧ ತಾಸು ಕೂತು ಬಂದಳು. ಏನು ಮಾತಾಡಿದಳೆಂದು ಅವನಿಗೆ ಹೇಳಲಿಲ್ಲ.

ಒಂದೂವರೆ ತಿಂಗಳ ಮೇಲೆ ಕಂಪ್ಯೂಟರ್ ಮರಳಿ ಸಿಕ್ಕಿತು, ಕೇಸು ಇನ್ನೂ ನಡೆದಿದೆ. ಈಗ ಯಾರು ಬಂದರೂ ಸಾತಪ್ಪ ಮೊದಲು ಪರವಾನಗಿಯ ಕಾಗದ ಕೇಳುತ್ತಾನೆ, ಮೂಲ ಪ್ರತಿ ನೋಡದೆ ಫೈಲು ತೆರೆಯುವುದಿಲ್ಲ. ಅರ್ಜಿ ಬರೆಯಲು ಬಾರದವರಿಗೆ ತಾನೇ ಬರೆದುಕೊಡುತ್ತಾನೆ. ‘ಪರವಾನಾ’ ಎಂದು ನಗುವವರು ಹೆಚ್ಚಾಗಿದ್ದಾರೆ, ಗಿರಾಕಿಗಳು ಕಡಿಮೆಯಾಗಿದ್ದಾರೆ, ಹುಟ್ಟುಹಬ್ಬದವರಂತೂ ಬರುವುದೇ ಇಲ್ಲ. ನನ್ನ ಶಾಲೆಯ ಫಲಕಕ್ಕೂ ಅವನು ಮೂರು ಸಲ ಓಡಾಡಿಸಿದ್ದು ಒಂದು ಸಹಿಗಾಗಿ. ಇದನ್ನು ಪ್ರಾಯಶ್ಚಿತ್ತವೆಂದು ನಾನು ಅಂದುಕೊಂಡು ಹಾಗೇ ಹೇಳಿಬಿಟ್ಟೆ. ಅವನು ಒಪ್ಪಲಿಲ್ಲ. ಇದು ಎಲ್ಲರೂ ಮಾಡಬೇಕಾದ ಕೆಲಸ, ಇದರಲ್ಲಿ ಪುಣ್ಯದ ಮಾತೇನು ಎಂದ.

ಫಕೀರವ್ವ ಅವನ ಜೊತೆ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ. ಆದಿತ್ಯವಾರದ ಸಂತೆಯಲ್ಲಿ ಎದುರಾದರೆ ನಿಲ್ಲುತ್ತಾಳೆ. “ಆರಾಮ ಅದೀರೇನ್ರೀ, ಸಾತಪ್ಪನವರ?” ಎಂದು ಕೇಳುತ್ತಾಳೆ. ಚಡ್ಡಿ ಹಾಕಿಕೊಂಡು ಅವಳ ಅಂಗಳದಲ್ಲಿ ಆಡಿದ ಕಾಲದಿಂದ ಅವನನ್ನು ನೀನು, ತಮ್ಮಾ ಎಂದವಳು ಅವಳು. ಆ ‘ರೀ’ಯಲ್ಲಿ ಕುಚೋದ್ಯವಾಗಲಿ ಸಿಟ್ಟಾಗಲಿ ಇಲ್ಲ, ಹೊರಗಿನವರಿಗೆ ಕೊಡುವ ಮರ್ಯಾದೆ ಅಷ್ಟೇ. ಹೌದ್ರಿ, ಆರಾಮ ಅದೀನಿ ಎಂದು ಹೇಳಿ ಅವನು ಕೈಯಲ್ಲಿನ ಚೀಲದ ಕಡೆ ನೋಡುತ್ತಾನೆ.

ಮುರಿಗೆಪ್ಪನ ಎರಡನೆಯ ವರ್ಷದ ದಿನ ಓಣಿಯ ಮೂಲೆಯಲ್ಲಿ ಫ್ಲೆಕ್ಸ್ ಇರಲಿಲ್ಲ. ಮನೆಯಲ್ಲೇ ಪೂಜೆ ಮಾಡಿ ಇಪ್ಪತ್ತು ಜನಕ್ಕೆ ಊಟ ಹಾಕಿದಳಂತೆ. ಚೆನ್ನವ್ವನಿಗೆ ಕರೆ ಬಂದಿತ್ತು, ಸಾತಪ್ಪನಿಗೆ ಇರಲಿಲ್ಲ. ಚೆನ್ನವ್ವ ಸೀರೆ ಬದಲಿಸಿ ಹೋಗಿ ಬಂದಳು. ಹೋಳಿಗೆ ಚೆನ್ನಾಗಿ ಆಗಿತ್ತು ಎಂದಳು. ಅವನು ಅಂಗಡಿಯ ಕೀಲಿ ತೆಗೆದುಕೊಂಡು ಹೊರಗೆ ನಡೆದ.